ಅಲೆಗಳ ಲೆಕ್ಕದಲ್ಲಿ ಮೇಲ್ವೆಚ್ಚ: ಮೊಬೈಲ್ ಗೋಪುರದಿಂದ ವರ್ತಕರು ಕಲಿಯಬಹುದಾದ ಮಿತವ್ಯಯ

ಕೈಗಾರಿಕಾ ಬಡಾವಣೆಯೊಂದರಲ್ಲಿ ಯಂತ್ರಗಳ ಬಿಡಿಭಾಗ ತಯಾರಿಸುವ ನಮ್ಮ ಹಳೆಯ ಕಕ್ಷಿದಾರರೊಬ್ಬರ ಕಚೇರಿಯಲ್ಲಿ ಲೆಕ್ಕಪರಿಶೋಧನೆಗೆ ಕುಳಿತಿದ್ದಾಗ ಮೇಲ್ವೆಚ್ಚಗಳ ಮಾತು ಬಂದಿತು. ಮಾರಾಟ ಹೆಚ್ಚಿದ್ದರೂ ಲಾಭ ಏಕೆ ಹೆಚ್ಚಲಿಲ್ಲವೆಂಬುದು ಯಜಮಾನರ ಪ್ರಶ್ನೆ. ಉತ್ಪಾದನೆಗೆ ನೇರವಾಗಿ ಸೇರದ ಖರ್ಚುಗಳ ಪಟ್ಟಿಯನ್ನು ನಾನು ಅವರ ಮುಂದಿಟ್ಟೆ. ದೂರಸಂಪರ್ಕ ಕ್ಷೇತ್ರದಲ್ಲಿ ಇಂಜಿನಿಯರ್ ಆಗಿರುವ ಅವರ ಮಗ ಅಲ್ಲಿಯೇ ಕುಳಿತಿದ್ದರು. "ಸರ್, ನಮ್ಮ ಕೆಲಸದಲ್ಲಿಯೂ ದಿನವೂ ಇದೇ ಜಗಳ. ಗೋಪುರದಿಂದ ಹೊರಡುವ ಅಲೆಗಳಲ್ಲಿ ಗ್ರಾಹಕನಿಗೆ ಸಲ್ಲುವ ಸರಕು ಎಷ್ಟು, ದಾರಿ ಅಳೆಯಲು ಮತ್ತು ಸೂಚನೆ ಕೊಡಲು ತಗಲುವ ಮೇಲ್ವೆಚ್ಚ ಎಷ್ಟು ಎಂಬುದೇ ನಮ್ಮ ಲಾಭ-ನಷ್ಟದ ತಖ್ತೆ" ಎಂದರು.

ಆ ಮಾತು ನನ್ನನ್ನು ಬಿಡಲಿಲ್ಲ. ಅವರಿಂದ ಕೇಳಿ ತಿಳಿದು, ಬಳಿಕ ಓದಿ ಅರ್ಥ ಮಾಡಿಕೊಂಡ ಸಂಗತಿಗಳನ್ನು ಸದಸ್ಯ ಬಾಂಧವರ ಮುಂದಿಡುವುದು ಈ ಲೇಖನದ ಉದ್ದೇಶ. ಇಂದು ಅಂಗಡಿಯ ಯು.ಪಿ.ಐ. ಪಾವತಿ, ಇ-ವೇ ಬಿಲ್, ಗೋದಾಮಿನ ಕ್ಯಾಮರಾ ಎಲ್ಲವೂ ನಿಸ್ತಂತು ಸಂಪರ್ಕವನ್ನು ನಂಬಿ ನಡೆಯುತ್ತಿವೆ. ಆ ಸಂಪರ್ಕಕ್ಕೆ ಹಣ ಕೊಡುವವರು ಅದರ ವೆಚ್ಚರಚನೆಯನ್ನು ಸ್ಥೂಲವಾಗಿಯಾದರೂ ಅರಿತಿರುವುದು ಒಳಿತು. ಅದಕ್ಕಿಂತ ಮುಖ್ಯವಾಗಿ, ಮೇಲ್ವೆಚ್ಚವನ್ನು ಎಲ್ಲಿ ಕಡಿಯಬೇಕು, ಎಲ್ಲಿ ಕಡಿಯಬಾರದು ಎಂಬ ವಿವೇಕಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ನನ್ನ ವೃತ್ತಿಜೀವನದಲ್ಲಿ ಸಿಕ್ಕಿಲ್ಲ.

ಉಲ್ಲೇಖ ಸಂಕೇತವೆಂದರೇನು?

ತಕ್ಕಡಿ ಸರಿಯಿದೆಯೇ ಎಂದು ತಿಳಿಯಲು ನಾವು ಮುದ್ರೆ ಹಾಕಿದ ಬಟ್ಟನ್ನು ಇಟ್ಟು ನೋಡುತ್ತೇವೆ. ಬಟ್ಟಿನ ತೂಕ ಮೊದಲೇ ಗೊತ್ತಿರುವುದರಿಂದ ತಕ್ಕಡಿ ತೋರಿಸುವ ವ್ಯತ್ಯಾಸವೇ ತಕ್ಕಡಿಯ ದೋಷ. ಆ ದೋಷವನ್ನು ಅರಿತ ಮೇಲೆ ಸರಕಿನ ನಿಜವಾದ ತೂಕವನ್ನು ಲೆಕ್ಕ ಹಾಕಬಹುದು. ನಿಸ್ತಂತು ಸಂಪರ್ಕದಲ್ಲಿ ಆ ಬಟ್ಟಿನ ಸ್ಥಾನದಲ್ಲಿರುವುದೇ ರೆಫರೆನ್ಸ್ ಸಿಗ್ನಲ್, ಅಂದರೆ ಉಲ್ಲೇಖ ಸಂಕೇತ. ಗೋಪುರದಿಂದ ಹೊರಟ ಅಲೆಯು ಕಟ್ಟಡಗಳಿಗೆ ತಾಗಿ, ಪ್ರತಿಫಲಿಸಿ, ಕ್ಷೀಣಿಸಿ, ಹಲವು ದಾರಿಗಳಿಂದ ಫೋನನ್ನು ತಲುಪುತ್ತದೆ. ದಾರಿಯಲ್ಲಿ ಅದು ಎಷ್ಟು ವಿಕಾರಗೊಂಡಿತೆಂದು ಫೋನಿಗೆ ತಾನಾಗಿ ತಿಳಿಯದು. ಆದುದರಿಂದ ಇಬ್ಬರಿಗೂ ಮೊದಲೇ ಗೊತ್ತಿರುವ ಸಂಕೇತವೊಂದನ್ನು ಮಾಹಿತಿಯ ನಡುನಡುವೆ ಕಳುಹಿಸಲಾಗುತ್ತದೆ. ಬಂದ ರೂಪವನ್ನು ಇರಬೇಕಾದ ರೂಪದೊಡನೆ ಹೋಲಿಸಿ ಫೋನು ದಾರಿಯ ಸ್ವರೂಪವನ್ನು ಗ್ರಹಿಸುತ್ತದೆ.

ಈ ಸಂಕೇತದಲ್ಲಿ ಗ್ರಾಹಕನಿಗೆ ಸಲ್ಲುವ ಒಂದು ಅಕ್ಷರವೂ ಇರುವುದಿಲ್ಲ. ಲೆಕ್ಕದ ಭಾಷೆಯಲ್ಲಿ ಇದು ಅಪ್ಪಟ ಮೇಲ್ವೆಚ್ಚ. ಇದೇನೂ ಹೊಸದಲ್ಲ. ಎರಡನೆಯ ತಲೆಮಾರಿನ ಜಿ.ಎಸ್.ಎಂ. ಫೋನುಗಳಲ್ಲಿ 148 ಬಿಟ್‌ಗಳ ಪ್ರತಿ ಕಂತಿನ ನಟ್ಟನಡುವೆ 26 ಬಿಟ್‌ಗಳನ್ನು ಇದೇ ಉದ್ದೇಶಕ್ಕೆ ಮೀಸಲಿಡಲಾಗಿತ್ತು. ಗ್ರಾಹಕನ ಮಾತಿಗೆ ಸಲ್ಲುತ್ತಿದ್ದುದು 114 ಬಿಟ್ ಮಾತ್ರ.

ಆಂಟೆನಾ ಹೆಚ್ಚಿದಂತೆ ಖರ್ಚೂ ಹೆಚ್ಚು

ಒಂದೇ ತರಂಗಾಂತರದಲ್ಲಿ ಹಲವು ಆಂಟೆನಾಗಳಿಂದ ಬೇರೆ ಬೇರೆ ಮಾಹಿತಿಧಾರೆಗಳನ್ನು ಒಮ್ಮೆಲೇ ಕಳುಹಿಸುವ ವಿಧಾನಕ್ಕೆ ಮೈಮೋ ಎಂದು ಹೆಸರು. ಇದರ ಮೂಲ ಕಲ್ಪನೆಗಳಲ್ಲಿ ಒಂದಕ್ಕೆ 1994ರಲ್ಲಿ ಅಮೆರಿಕದ ಪೇಟೆಂಟ್ ಪಡೆದವರು ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಆರೋಗ್ಯಸ್ವಾಮಿ ಪೌಲ್‌ರಾಜ್ ಮತ್ತು ಥಾಮಸ್ ಕೈಲತ್. ಪೌಲ್‌ರಾಜ್ ಅವರು ಅಮೆರಿಕಕ್ಕೆ ತೆರಳುವ ಮುನ್ನ ಭಾರತೀಯ ನೌಕಾಪಡೆಯಲ್ಲಿ ಸೇವೆ ಸಲ್ಲಿಸಿದವರು. ಬೆಂಗಳೂರಿನ ಕೃತಕ ಬುದ್ಧಿಮತ್ತೆ ಮತ್ತು ರೊಬಾಟಿಕ್ಸ್ ಕೇಂದ್ರದ ಸ್ಥಾಪಕರು. ನಮ್ಮ ರಾಜ್ಯದ ಉದ್ಯಮಿಗಳಿಗೆ ಇದು ಹೆಮ್ಮೆಯ ವಿಷಯ.

ಆದರೆ ಇಲ್ಲೊಂದು ತೊಡಕಿದೆ. ಆಂಟೆನಾ ಒಂದಿದ್ದರೆ ಅಳೆಯಬೇಕಾದ ದಾರಿಯೂ ಒಂದು. ನಾಲ್ಕಿದ್ದರೆ ನಾಲ್ಕನ್ನೂ ಪ್ರತ್ಯೇಕವಾಗಿ ಅಳೆಯಬೇಕು. ಒಂದು ಆಂಟೆನಾ ತನ್ನ ಉಲ್ಲೇಖ ಸಂಕೇತವನ್ನು ಕಳುಹಿಸುವ ಮನೆಯಲ್ಲಿ ಉಳಿದವು ಸುಮ್ಮನಿರಬೇಕು; ಇಲ್ಲವಾದರೆ ಅಳತೆ ಕೆಡುತ್ತದೆ.

2008ರಲ್ಲಿ ರೂಪುಗೊಂಡ ನಾಲ್ಕನೆಯ ತಲೆಮಾರಿನ ಎಲ್.ಟಿ.ಇ. ಮಾನಕದ ಮೊದಲ ಆವೃತ್ತಿಯನ್ನು ನೋಡೋಣ. ಅಲ್ಲಿ ಮಾಹಿತಿ ಸಾಗಿಸುವ ಮೂಲಘಟಕವು ನಮ್ಮ ಖಾತೆ ಪುಸ್ತಕದ ಪುಟದಂತೆ ಗೀಟು ಹಾಕಿದ ಚೌಕಟ್ಟು. 12 ಉಪತರಂಗಗಳ ಅಡ್ಡಸಾಲು, ಒಂದು ಮಿಲಿಸೆಕೆಂಡಿನಲ್ಲಿ 14 ಕಾಲಖಂಡಗಳ ಕಂಬಸಾಲು, ಒಟ್ಟು 168 ಮನೆಗಳು. ಒಂದು ಆಂಟೆನಾ ಇದ್ದರೆ ಇವುಗಳಲ್ಲಿ 8 ಮನೆಗಳು ಉಲ್ಲೇಖ ಸಂಕೇತಕ್ಕೆ ಹೋಗುತ್ತವೆ. ಎರಡಿದ್ದರೆ 16; ನಾಲ್ಕಿದ್ದರೆ 24. ಅಂದರೆ ಪುಟದ ಶೇ. 14ಕ್ಕೂ ಹೆಚ್ಚು ಭಾಗ ಅಳತೆಗೇ ಸಲ್ಲುತ್ತದೆ. ಮೂರನೆಯ ಮತ್ತು ನಾಲ್ಕನೆಯ ಆಂಟೆನಾಗಳಿಗೆ ತಲಾ ಎಂಟರ ಬದಲು ನಾಲ್ಕೇ ಮನೆ ಕೊಟ್ಟು ಉಳಿತಾಯ ಮಾಡಿದ ನಂತರದ ಲೆಕ್ಕವಿದು. ಆಂಟೆನಾಗಳನ್ನು ಎಂಟಕ್ಕೆ, ಮೂವತ್ತೆರಡಕ್ಕೆ ಏರಿಸುತ್ತ ಹೋದರೆ ಪುಟದಲ್ಲಿ ಸರಕಿಗೆ ಜಾಗವೇ ಉಳಿಯದು.

ರೂಪಾಯಿಯಲ್ಲಿ ಇದರ ಬೆಲೆ

ಲೆಕ್ಕಿಗನಾದ ನನಗೆ ಶೇಕಡಾವಾರಿಗಿಂತ ರೂಪಾಯಿ ಬೇಗ ಅರ್ಥವಾಗುತ್ತದೆ. 2022ರ ಜುಲೈ-ಆಗಸ್ಟ್‌ನಲ್ಲಿ ನಡೆದ ಸ್ಪೆಕ್ಟ್ರಂ ಹರಾಜಿನಲ್ಲಿ ಕೇಂದ್ರ ಸರ್ಕಾರವು ಒಟ್ಟು ಸುಮಾರು 1.5 ಲಕ್ಷ ಕೋಟಿ ರೂಪಾಯಿ ಮೌಲ್ಯದ ತರಂಗಾಂತರವನ್ನು ಮಾರಿತು. 5ಜಿ ಸೇವೆಗೆ ಮುಖ್ಯವಾದ 3.3 ಗಿಗಾಹರ್ಟ್ಸ್ ಪಟ್ಟಿಯಲ್ಲಿ ದೇಶದಾದ್ಯಂತ ಒಂದು ಮೆಗಾಹರ್ಟ್ಸ್‌ಗೆ ಮೀಸಲು ಬೆಲೆ 317 ಕೋಟಿ ರೂಪಾಯಿ. ಅವಧಿ 20 ವರ್ಷ. ನೂರು ಮೆಗಾಹರ್ಟ್ಸ್ ಕೊಂಡ ಸಂಸ್ಥೆಗೆ ಅದರ ಶೇ. 1 ಭಾಗ ಎಂದರೆ 317 ಕೋಟಿ ರೂಪಾಯಿ. ಅಳತೆಗೆ ಹೋಗುವ ಪಾಲನ್ನು ಶೇ. 14ರಿಂದ ಶೇ. 10ಕ್ಕೆ ಇಳಿಸಿದರೆ, ಅದೇ ದರದಲ್ಲಿ 1,200 ಕೋಟಿ ರೂಪಾಯಿಗೂ ಹೆಚ್ಚಿನ ತರಂಗಾಂತರ ಬಿಡುವಾಯಿತೆಂದು ಅರ್ಥ. ಒಂದೆರಡು ಬಿಟ್ ಉಳಿಸಲು ಇಂಜಿನಿಯರುಗಳು ವರ್ಷಗಟ್ಟಲೆ ಸಭೆ ಸೇರಿ ವಾದಿಸುವುದು ಏಕೆಂಬುದು ಈಗ ತಿಳಿಯುತ್ತದೆ.

ಮೊದಲ ಉಪಾಯ: ಸ್ಥಿರ ವೆಚ್ಚವನ್ನು ಬದಲಾಗುವ ವೆಚ್ಚವಾಗಿಸುವುದು

ಮೊದಲ ಆವೃತ್ತಿಯ ಸಾರ್ವತ್ರಿಕ ಉಲ್ಲೇಖ ಸಂಕೇತವು ಬಾಡಿಗೆಯಂತೆ ಸ್ಥಿರ ವೆಚ್ಚ. ಗ್ರಾಹಕರು ಇರಲಿ, ಇಲ್ಲದಿರಲಿ, ನಡುರಾತ್ರಿಯಲ್ಲಿಯೂ ಪ್ರತಿ ಮಿಲಿಸೆಕೆಂಡಿಗೂ ಇಡೀ ಪಟ್ಟಿಯ ತುಂಬ ಅದು ಹೋಗುತ್ತಲೇ ಇರಬೇಕು. 2011ರಲ್ಲಿ ಸಿದ್ಧವಾದ ರಿಲೀಸ್ 10 ಎಂಬ ಆವೃತ್ತಿಯಲ್ಲಿ ಎಂಟು ಆಂಟೆನಾಗಳಿಗೆ ಅವಕಾಶ ಮಾಡಬೇಕಾಗಿ ಬಂದಾಗ ಇದನ್ನು ಎರಡಾಗಿ ಒಡೆಯಲಾಯಿತು.

ಒಂದು, ದಾರಿಯ ಸ್ಥೂಲ ಗುಣಮಟ್ಟವನ್ನು ಆಗಾಗ ಅಳೆಯಲು ವಿರಳವಾದ ಸಂಕೇತ. ಇದು ಪ್ರತಿ ಆಂಟೆನಾಗೆ ಪುಟದಲ್ಲಿ ಸರಾಸರಿ ಒಂದೇ ಮನೆ ತೆಗೆದುಕೊಳ್ಳುತ್ತದೆ; ಅದನ್ನು 5ರಿಂದ 80 ಮಿಲಿಸೆಕೆಂಡಿಗೆ ಒಮ್ಮೆ ಕಳುಹಿಸಿದರೆ ಸಾಕು. ಎಂಟು ಆಂಟೆನಾಗಳಿಗೆ ಹತ್ತು ಮಿಲಿಸೆಕೆಂಡಿಗೊಮ್ಮೆ ಕಳುಹಿಸಿದರೆ 1,680 ಮನೆಗಳಲ್ಲಿ 8 ಮಾತ್ರ, ಅಂದರೆ ಶೇ. ಅರ್ಧಕ್ಕಿಂತ ಕಡಿಮೆ. ಇನ್ನೊಂದು, ಮಾಹಿತಿಯನ್ನು ಬಿಡಿಸಿ ಓದಲು ಬೇಕಾದ ದಟ್ಟವಾದ ಸಂಕೇತ. ಇದನ್ನು ನಿಜವಾಗಿ ಸರಕು ರವಾನೆಯಾಗುವ ಪುಟಗಳಲ್ಲಿ ಮಾತ್ರ, ಆ ಗ್ರಾಹಕನಿಗಾಗಿ ಮಾತ್ರ ಕಳುಹಿಸಲಾಗುತ್ತದೆ. ಎರಡು ಧಾರೆಗಳವರೆಗೆ 12 ಮನೆ. ಅದಕ್ಕಿಂತ ಹೆಚ್ಚು, ಎಂಟು ಧಾರೆಗಳವರೆಗೆ 24 ಮನೆ. ಒಂದೇ ಮನೆಯನ್ನು ಹಲವು ಧಾರೆಗಳು ಬೇರೆ ಬೇರೆ ಗುಪ್ತಾಂಕಗಳಿಂದ ಹಂಚಿಕೊಳ್ಳುವುದರಿಂದ ಇದು ಸಾಧ್ಯವಾಯಿತು.

ಗಮನಿಸಿ, ಎರಡನೆಯ ಬಗೆಯಲ್ಲಿ ಖರ್ಚು ಮಾಯವಾಗಿಲ್ಲ. ಮಾರಾಟವಾದಾಗ ಮಾತ್ರ ಬರುವ ದಲ್ಲಾಳಿಯಂತೆ ಅದು ವ್ಯಾಪಾರಕ್ಕೆ ತಕ್ಕಂತೆ ಏರಿಳಿಯುವ ಖರ್ಚಾಯಿತು. ಖಾಲಿ ಅಂಗಡಿಯಲ್ಲಿ ದೀಪ ಉರಿಸುವುದು ತಪ್ಪಿತು. ಆದರೂ ಹಳೆಯ ಫೋನುಗಳು ಬಳಕೆಯಲ್ಲಿ ಇರುವ ತನಕ ಹಳೆಯ ಸಂಕೇತವನ್ನು ಎಲ್.ಟಿ.ಇ. ಪೂರ್ತಿಯಾಗಿ ಬಿಡುವಂತಿರಲಿಲ್ಲ. 2018ರಲ್ಲಿ ಪೂರ್ಣಗೊಂಡ 5ಜಿಯ ಮೊದಲ ಆವೃತ್ತಿ, ರಿಲೀಸ್ 15, ಆ ಸಾರ್ವತ್ರಿಕ ಸಂಕೇತವನ್ನು ಕೈಬಿಟ್ಟಿತು. ಗೋಪುರವು ತನ್ನ ಇರುವನ್ನು ಸಾರುವ ಸಂಕೇತಗುಚ್ಛವನ್ನು ಸಾಮಾನ್ಯವಾಗಿ 20 ಮಿಲಿಸೆಕೆಂಡಿಗೊಮ್ಮೆ ಕಳುಹಿಸಿದರೆ ಸಾಕಾಯಿತು. ನಡುವಿನ ಬಿಡುವಿನಲ್ಲಿ ಕೆಲಸವಿಲ್ಲದ ಉಪಕರಣಗಳು ವಿರಮಿಸಬಹುದಾದ್ದರಿಂದ ವಿದ್ಯುತ್ತಿನ ಉಳಿತಾಯವೂ ಆಯಿತು.

ಎರಡನೆಯ ಉಪಾಯ: ವಿವರದ ಬದಲು ಸಂಖ್ಯೆ

ಗ್ರಾಹಕನಿಗೊಂದರಂತೆ ಉಲ್ಲೇಖ ಸಂಕೇತ ಬಂದೊಡನೆ ಹೊಸದೊಂದು ಖರ್ಚು ತಲೆದೋರಿತು. ಯಾವ ಸಂಕೇತ ನಿನ್ನದು, ನಿನಗೆ ಎಷ್ಟು ಧಾರೆಗಳು, ಯಾವ ಗುಪ್ತಾಂಕ ಎಂಬುದನ್ನು ಪ್ರತಿ ರವಾನೆಯೊಡನೆ ಫೋನಿಗೆ ತಿಳಿಸಬೇಕು. ಇದು ಸೂಚನೆಯ ಮೇಲ್ವೆಚ್ಚ. ಸೂಚನೆ ತಪ್ಪಿದರೆ ಸರಕೆಲ್ಲ ವ್ಯರ್ಥ. ಆದುದರಿಂದ ಅದನ್ನು ಬಹಳ ಭದ್ರವಾಗಿ ಕಳುಹಿಸಬೇಕು. ಎಲ್.ಟಿ.ಇ.ಯಲ್ಲಿ ಹತ್ತಿರದ ಫೋನಿಗೆ 72 ಬಿಟ್‌ಗಳಲ್ಲಿ ಹೋಗುವ ಸೂಚನಾ ಚೀಟಿಯನ್ನು ದೂರದ ಫೋನಿಗಾಗಿ 576 ಬಿಟ್‌ಗಳವರೆಗೆ ಹಿಗ್ಗಿಸಲಾಗುತ್ತದೆ. ಚೀಟಿಯಲ್ಲಿ ಉಳಿಸಿದ ಒಂದೊಂದು ಬಿಟ್ಟಿಗೂ ಹಲವು ಪಟ್ಟು ಬೆಲೆಯಿದೆ.

ಧಾರೆಗಳ ಸಂಖ್ಯೆ 1ರಿಂದ 8. ಅದನ್ನು ಹೇಳಲು 3 ಬಿಟ್ ಬೇಕು. ಎರಡು ಸಂಕೇತಗಳಲ್ಲಿ ಯಾವುದೆಂದು ಹೇಳಲು 1 ಬಿಟ್. ಎರಡು ಗುಪ್ತಾಂಕಗಳಲ್ಲಿ ಯಾವುದೆಂದು ಹೇಳಲು ಮತ್ತೊಂದು. ಬಿಡಿಬಿಡಿಯಾಗಿ ಹೇಳಿದರೆ 5 ಬಿಟ್‌ಗಳು. ಆದರೆ ಎಲ್ಲ ಜೋಡಣೆಗಳೂ ನಿಜವಾಗಿ ಬಳಕೆಗೆ ಬರುವುದಿಲ್ಲವೆಂಬುದನ್ನು ಇಂಜಿನಿಯರುಗಳು ಗಮನಿಸಿದರು. ಎಂಟು ಧಾರೆಗಳು ಒಬ್ಬನಿಗೇ ಹೋಗುವಾಗ ಯಾವ ಸಂಕೇತವೆಂಬ ಪ್ರಶ್ನೆಯೇ ಇಲ್ಲ, ಎಲ್ಲವೂ ಅವನದೇ. ಆದ್ದರಿಂದ ಬಳಕೆಗೆ ಬರುವ ಜೋಡಣೆಗಳನ್ನಷ್ಟೇ ಆರಿಸಿ, ಎಂಟು ಸಾಲುಗಳ ಕೋಷ್ಟಕವೊಂದನ್ನು ಮಾನಕದಲ್ಲಿ ಅಚ್ಚು ಹಾಕಿ, ಚೀಟಿಯಲ್ಲಿ ಸಾಲಿನ ಸಂಖ್ಯೆಯನ್ನು ಮಾತ್ರ ಬರೆದರು. 3 ಬಿಟ್ ಸಾಕಾಯಿತು.

ಇನ್ನೂ ಒಂದು ಜಾಣ್ಮೆಯಿದೆ. ರವಾನೆಯಲ್ಲಿ ಮಾಹಿತಿಯ ಕಟ್ಟು ಒಂದೋ ಎರಡೋ ಎಂಬುದು ಚೀಟಿಯ ಬೇರೆ ಅಂಕಣಗಳಿಂದಲೇ ಫೋನಿಗೆ ತಿಳಿದಿರುತ್ತದೆ. ಆದುದರಿಂದ ಒಂದು ಕಟ್ಟಿಗೆ ಒಂದು ಕೋಷ್ಟಕ, ಎರಡು ಕಟ್ಟಿಗೆ ಇನ್ನೊಂದು. ಉದಾಹರಣೆಗೆ, 5 ಎಂಬ ಅಂಕೆಗೆ ಒಂದು ಕಟ್ಟಿದ್ದಾಗ ಮೂರು ಧಾರೆಗಳೆಂದು ಅರ್ಥ. ಎರಡು ಕಟ್ಟಿದ್ದಾಗ ಆರು ಧಾರೆಗಳೆಂದು ಅರ್ಥ. ಈಗಾಗಲೇ ಹೇಳಿದ್ದನ್ನು ಮತ್ತೆ ಹೇಳದಿರುವುದರಿಂದ ಆದ ಉಳಿತಾಯವಿದು.

ನಮಗಿದು ಅಪರಿಚಿತವೇನಲ್ಲ. ಜಿ.ಎಸ್.ಟಿ. ಬಿಲ್ಲಿನಲ್ಲಿ ನಾವು ಬರೆಯುವ ಎಚ್.ಎಸ್.ಎನ್. ಸಂಖ್ಯೆಯೂ ಇದೇ ತತ್ವದ್ದು. ಸರಕಿನ ಉದ್ದನೆಯ ವರ್ಣನೆ ಪುಸ್ತಕದಲ್ಲಿ ಒಮ್ಮೆ ಅಚ್ಚಾಗಿದೆ; ಬಿಲ್ಲಿನ ಮೇಲೆ ಸಂಖ್ಯೆ ಮಾತ್ರ ಸಾಗುತ್ತದೆ.

ಮೂರನೆಯ ಉಪಾಯ: ಗೋದಾಮು, ಕಪಾಟು, ಕೈ

5ಜಿಯಲ್ಲಿ ಆಂಟೆನಾಗಳು ಕಿರಣಗಳ ರೂಪದಲ್ಲಿ ಅಲೆಯನ್ನು ನಿರ್ದಿಷ್ಟ ದಿಕ್ಕಿಗೆ ಬೀರುತ್ತವೆ. ಈಗ ಬರುವ ಮಾಹಿತಿಯನ್ನು ಹಿಂದೆ ಅಳೆದ ಯಾವ ಉಲ್ಲೇಖ ಸಂಕೇತದ ಆಧಾರದ ಮೇಲೆ ಓದಬೇಕೆಂದು ಫೋನಿಗೆ ಹೇಳಬೇಕು. ಸಾಧ್ಯತೆಗಳು ಹೆಚ್ಚಾದಷ್ಟೂ ಚೀಟಿ ಉದ್ದವಾಗುತ್ತದೆ. 128 ಸಾಧ್ಯತೆಗಳಲ್ಲಿ ಒಂದನ್ನು ಹೆಸರಿಸಲು ಪ್ರತಿ ಸಲವೂ 7 ಬಿಟ್ ಬೇಕು.

ಇದಕ್ಕೆ ಮೂರು ಹಂತಗಳ ಪದ್ಧತಿ ಮಾಡಿಕೊಂಡರು. ಸಂಪರ್ಕ ಏರ್ಪಡುವಾಗ, ವಿಸ್ತಾರವಾದ ಆದರೆ ಅಪರೂಪದ ಸಂದೇಶದಲ್ಲಿ 128 ಸಾಧ್ಯತೆಗಳವರೆಗಿನ ಪಟ್ಟಿಯನ್ನು ಕೊಡಲಾಗುತ್ತದೆ. ಗ್ರಾಹಕನು ಚಲಿಸಿದಂತೆ, ನಡುವಣ ಹಂತದ ಕಿರುಸಂದೇಶವು ಅವುಗಳಲ್ಲಿ ಸದ್ಯಕ್ಕೆ ಬೇಕಾಗಬಹುದಾದ 8ನ್ನು ಮಾತ್ರ ಚಾಲನೆಗೆ ತರುತ್ತದೆ. ಕ್ಷಣಕ್ಷಣದ ಚೀಟಿಯು ಆ ಎಂಟರಲ್ಲಿ ಒಂದನ್ನು 3 ಬಿಟ್‌ಗಳಲ್ಲಿ ಸೂಚಿಸುತ್ತದೆ. ವ್ಯಾಪಾರಿಯು ಗೋದಾಮಿನ ಸರಕನ್ನೆಲ್ಲ ಗಲ್ಲೆಯ ಬಳಿ ಹರಡುವುದಿಲ್ಲ. ವಾರಕ್ಕೆ ಬೇಕಾದುದನ್ನು ಕಪಾಟಿಗೆ ತಂದಿಟ್ಟು, ಗ್ರಾಹಕ ಬಂದಾಗ ಕೈ ಚಾಚಿ ಕೊಡುತ್ತಾನೆ. ವಿರಳವಾಗಿ ಬದಲಾಗುವುದನ್ನು ವಿರಳವಾಗಿ, ಬೇಗ ಬದಲಾಗುವುದನ್ನು ಮಾತ್ರ ಬೇಗ ಹೇಳುವುದೇ ಇದರ ತಿರುಳು.

ಫೋನು ತನ್ನ ಅಳತೆಯನ್ನು ಗೋಪುರಕ್ಕೆ ವರದಿ ಮಾಡುವಾಗಲೂ ಇದೇ ನೀತಿ. ಅಳೆದುದನ್ನೆಲ್ಲ ಅದು ಬರೆದು ಕಳುಹಿಸುವುದಿಲ್ಲ. ಇಬ್ಬರ ಬಳಿಯೂ ಇರುವ ಸಂಕೇತ ಪುಸ್ತಕದಲ್ಲಿ ಹತ್ತಿರದ ನಮೂನೆಯ ಸಂಖ್ಯೆಯನ್ನು ಹೇಳುತ್ತದೆ. ಎಲ್.ಟಿ.ಇ.ಯ ನಾಲ್ಕು ಆಂಟೆನಾಗಳ ಪುಸ್ತಕದಲ್ಲಿ 16 ನಮೂನೆಗಳು, ಅಂದರೆ 4 ಬಿಟ್. ಎಂಟು ಆಂಟೆನಾಗಳಿಗೆ ಬಂದಾಗ ಅದನ್ನು ಎರಡು ಸಂಖ್ಯೆಗಳಾಗಿ ಒಡೆದರು. ನಿಧಾನವಾಗಿ ಬದಲಾಗುವ ದಿಕ್ಕಿಗೆ ಒಂದು, ಬೇಗ ಬದಲಾಗುವ ಸೂಕ್ಷ್ಮ ಹೊಂದಾಣಿಕೆಗೆ ಇನ್ನೊಂದು.

ನಾಲ್ಕನೆಯ ಉಪಾಯ: ಅಳೆಯುವವರನ್ನೇ ಬದಲಿಸುವುದು

ಇಷ್ಟೆಲ್ಲ ಮಾಡಿದರೂ ಗೋಪುರದಲ್ಲಿ 64 ಆಂಟೆನಾಗಳಿದ್ದರೆ ಏನು ಗತಿ? ಬೆಲ್ ಪ್ರಯೋಗಾಲಯದ ಥಾಮಸ್ ಮಾರ್ಜೆಟ್ಟಾ ಅವರು 2010ರ ತಮ್ಮ ಪ್ರಬಂಧದಲ್ಲಿ ಪ್ರಶ್ನೆಯನ್ನೇ ತಿರುಗಿಸಿದರು. ಹೋಗುವ ಮತ್ತು ಬರುವ ಅಲೆಗಳು ಒಂದೇ ತರಂಗಾಂತರವನ್ನು ಸಮಯ ಹಂಚಿಕೊಂಡು ಬಳಸುವಾಗ ದಾರಿ ಎರಡು ದಿಕ್ಕಿಗೂ ಒಂದೇ. ಹಾಗಿದ್ದ ಮೇಲೆ 64 ಆಂಟೆನಾಗಳು 64 ಸಂಕೇತ ಕಳುಹಿಸಿ, ಫೋನು ಅವನ್ನು ಅಳೆದು ವರದಿ ಒಪ್ಪಿಸುವುದೇಕೆ? ಫೋನೇ ಒಂದು ಸಂಕೇತ ಕಳುಹಿಸಲಿ. 64 ಆಂಟೆನಾಗಳೂ ಅದನ್ನು ಏಕಕಾಲಕ್ಕೆ ಕೇಳಿ ತಮ್ಮ ತಮ್ಮ ದಾರಿಯನ್ನು ಅರಿಯಲಿ. ಒಂದೊಂದೇ ಆಂಟೆನಾದ ಹತ್ತು ಫೋನುಗಳಿದ್ದರೆ ಹತ್ತು ಸಂಕೇತಗಳು ಸಾಕು. ಖರ್ಚು ಆಂಟೆನಾಗಳ ಸಂಖ್ಯೆಯನ್ನು ಅನುಸರಿಸದೆ ಗ್ರಾಹಕರ ಸಂಖ್ಯೆಯನ್ನು ಅನುಸರಿಸುತ್ತದೆ.

ನಮ್ಮ ದೇಶದ 3.3 ಗಿಗಾಹರ್ಟ್ಸ್ ಪಟ್ಟಿಯು ಸಮಯ ಹಂಚಿಕೆಯದೇ ಆದ್ದರಿಂದ 2022ರ ಅಕ್ಟೋಬರ್ 1ರಂದು ಚಾಲನೆಗೊಂಡ 5ಜಿ ಸೇವೆಯ ದೊಡ್ಡ ಆಂಟೆನಾ ಫಲಕಗಳಿಗೆ ಈ ಅನುಕೂಲ ಲಭ್ಯವಾಯಿತು. 700 ಮೆಗಾಹರ್ಟ್ಸ್‌ನಂತಹ, ಹೋಗಲು ಬರಲು ಬೇರೆ ಬೇರೆ ತರಂಗಾಂತರವಿರುವ ಪಟ್ಟಿಗಳಲ್ಲಿ ಎರಡು ದಾರಿಗಳು ಒಂದೇ ಅಲ್ಲ. ಅಲ್ಲಿ ಸಂಕೇತ ಪುಸ್ತಕದ ವರದಿಯನ್ನೇ ನೆಚ್ಚಬೇಕು.

ಕಡಿತಕ್ಕೂ ಮಿತಿಯಿದೆ

ಇಲ್ಲಿಯವರೆಗೆ ಓದಿದವರು ಉಲ್ಲೇಖ ಸಂಕೇತವನ್ನು ಇನ್ನಷ್ಟು ಕಡಿದರೆ ಇನ್ನಷ್ಟು ಲಾಭವೆಂದು ಭಾವಿಸಬಹುದು. ಮಾರ್ಜೆಟ್ಟಾ ಅವರ ಅದೇ ಪ್ರಬಂಧ ಇದಕ್ಕೆ ಎಚ್ಚರಿಕೆ ಹೇಳುತ್ತದೆ. ಸಂಕೇತಗಳು ಸೀಮಿತವಾದ್ದರಿಂದ ಒಂದು ಗೋಪುರದಲ್ಲಿ ಬಳಸಿದ್ದನ್ನೇ ಅಕ್ಕಪಕ್ಕದ ಗೋಪುರಗಳೂ ಮತ್ತೆ ಬಳಸಬೇಕಾಗುತ್ತದೆ. ಆಗ ಗೋಪುರಕ್ಕೆ ತನ್ನ ಗ್ರಾಹಕನ ಸಂಕೇತದೊಡನೆ ನೆರೆಯವನ ಸಂಕೇತವೂ ಬೆರೆತು ಕೇಳಿಸುತ್ತದೆ. ತನ್ನವನಿಗೆಂದು ಕಳುಹಿಸಿದ ಕಿರಣದ ಒಂದಂಶ ನೆರೆಯವನತ್ತ ಹೋಗಿ ಅಲ್ಲಿ ಕಿರಿಕಿರಿಯಾಗುತ್ತದೆ. ಎರಡು ಶಾಖೆಗಳು ಒಂದೇ ಬಿಲ್ ಸಂಖ್ಯೆಯ ಸರಣಿ ಬಳಸಿದರೆ ಒಬ್ಬರ ಪಾವತಿ ಇನ್ನೊಬ್ಬರ ಖಾತೆಗೆ ಜಮಾ ಆಗುವಂತೆ ಇದು. ಆ ಪ್ರಬಂಧದ ಲೆಕ್ಕದಲ್ಲಿ, ಆಂಟೆನಾಗಳನ್ನು ಎಷ್ಟು ಹೆಚ್ಚಿಸಿದರೂ ಬೇರೆ ಗದ್ದಲಗಳು ಕರಗಿಹೋದವೇ ಹೊರತು ಈ ಕಲಬೆರಕೆ ಉಳಿಯಿತು. ಹಾಗೆಯೇ ವೇಗವಾಗಿ ಸಾಗುವ ರೈಲಿನಲ್ಲಿರುವ ಫೋನಿಗೆ ದಾರಿ ಕ್ಷಣಕ್ಷಣಕ್ಕೂ ಬದಲಾಗುವುದರಿಂದ 5ಜಿಯು ಒಂದೇ ರವಾನೆಯೊಳಗೆ ಹೆಚ್ಚುವರಿ ಸಂಕೇತಗಳಿಗೆ ಅವಕಾಶ ಇಟ್ಟಿದೆ. ಮೇಜಿನ ಮೇಲೆ ಕುಳಿತ ಫೋನಿಗೆ ಅದು ದುಂದು; ರೈಲಿನಲ್ಲಿರುವ ಫೋನಿಗೆ ಅದೇ ಉಸಿರು.

ಈ ಭಾಗವನ್ನು ಓದುವಾಗ ನನಗೆ ನನ್ನದೇ ತಪ್ಪೊಂದು ನೆನಪಾಯಿತು. ಹಲವು ವರ್ಷಗಳ ಹಿಂದೆ ಸಣ್ಣ ತಯಾರಕರೊಬ್ಬರಿಗೆ ಖರ್ಚು ಕಡಿತದ ಸಲಹೆ ಕೊಡುವಾಗ, ಯಂತ್ರದಿಂದ ಯಂತ್ರಕ್ಕೆ ಮಾಲು ಸಾಗುವ ನಡುವೆ ಅಳತೆ ನೋಡುತ್ತಿದ್ದ ಇಬ್ಬರು ಕೆಲಸಗಾರರ ಸಂಬಳವನ್ನು "ಉತ್ಪಾದಕವಲ್ಲದ ವೆಚ್ಚ" ಎಂದು ಗುರುತು ಹಾಕಿದೆ. ಕೊನೆಯಲ್ಲಿ ಹೇಗೂ ಪರೀಕ್ಷೆ ಇದೆಯಲ್ಲ ಎಂಬುದು ನನ್ನ ವಾದ. ಅವರು ನನ್ನ ಮಾತು ಕೇಳಿದರು. ಮೂರು ತಿಂಗಳೊಳಗೆ ಒಂದಿಡೀ ಲಾಟ್ ಮಾಲು ತಿರಸ್ಕೃತವಾಗಿ ಹಿಂದಿರುಗಿತು. ಸವೆದ ಉಪಕರಣವೊಂದು ಮೊದಲ ಹಂತದಲ್ಲಿಯೇ ಅಳತೆ ಕೆಡಿಸಿತ್ತು. ಕೆಟ್ಟ ಮಾಲಿನ ಮೇಲೆ ಮುಂದಿನ ಎಲ್ಲ ಹಂತಗಳ ಕೂಲಿಯೂ ವ್ಯರ್ಥವಾಗಿ ಸುರಿದಿತ್ತು. ಉಳಿಸಿದ ಸಂಬಳದ ಹಲವು ಪಟ್ಟು ನಷ್ಟವಾಯಿತು. ಅವರು ನನ್ನನ್ನು ಒಂದು ಮಾತೂ ಆಡಲಿಲ್ಲ. ಆದರೆ ಆ ಇಬ್ಬರನ್ನು ಮರಳಿ ಕರೆಸಲು ಹೋದಾಗ ಒಬ್ಬರು ಬೇರೆಡೆ ಸೇರಿಬಿಟ್ಟಿದ್ದರು.

ಇಂಜಿನಿಯರುಗಳು ಅಳತೆಯನ್ನು ಕೈಬಿಡಲಿಲ್ಲ. ಅಳತೆ ಎಲ್ಲೆಲ್ಲಿ, ಎಷ್ಟು ಬಾರಿ, ಯಾರಿಂದ ಆಗಬೇಕೆಂಬುದನ್ನು ಮಾತ್ರ ಬದಲಿಸಿದರು. ನಾನು ಅಂದು ಕೊಡಬೇಕಾಗಿದ್ದ ಸಲಹೆಯೂ ಅದೇ ಆಗಿತ್ತು: ಪ್ರತಿ ತುಂಡನ್ನೂ ಅಳೆಯುವ ಬದಲು ಉಪಕರಣ ಬದಲಿಸಿದಾಗ, ಪಾಳಿಯ ಆರಂಭದಲ್ಲಿ, ನಿಯತ ಸಂಖ್ಯೆಗೊಮ್ಮೆ ಅಳೆಯಿರಿ, ಯಂತ್ರ ನಡೆಸುವವರೇ ಅಳೆಯಲು ಕಲಿಯಲಿ.

ನಮ್ಮ ಸದಸ್ಯರು ಗಮನಿಸಬೇಕಾದ ಅಂಶಗಳು

1. ಜಾಹೀರಾತಿನ ವೇಗವನ್ನು ಒಟ್ಟು ಮಾರಾಟವೆಂದು ತಿಳಿಯಿರಿ, ನಿವ್ವಳವೆಂದಲ್ಲ. ಸಂಪರ್ಕ ಕೊಳ್ಳುವ ಮುನ್ನ ನಿಮ್ಮದೇ ಸ್ಥಳದಲ್ಲಿ, ವಹಿವಾಟು ಹೆಚ್ಚಿರುವ ಸಮಯದಲ್ಲಿ ಕೆಲವು ದಿನ ವೇಗವನ್ನು ಅಳೆದು ಬರೆದಿಡಿ.

2. ತಗಡಿನ ಛಾವಣಿಯ ಗೋದಾಮು, ಕಬ್ಬಿಣದ ಕಪಾಟುಗಳ ನಡುವೆ ಉಲ್ಲೇಖ ಸಂಕೇತವೇ ಕ್ಷೀಣವಾಗಿ ಬರುತ್ತದೆ. ಅಳತೆ ಮಸುಕಾದರೆ ಗೋಪುರವು ಧಾರೆಗಳನ್ನು ಕಡಿಮೆ ಮಾಡಿ ನಿಧಾನವಾಗಿ ಕಳುಹಿಸುತ್ತದೆ. ರೂಟರನ್ನು ಕಿಟಕಿಯ ಬಳಿ ಇಡುವುದು ಅಥವಾ ಹೊರಗೆ ಆಂಟೆನಾ ಹಾಕಿಸುವುದು ದುಬಾರಿ ಯೋಜನೆಗೆ ಬದಲಾಯಿಸುವುದಕ್ಕಿಂತ ಅಗ್ಗ.

3. ಸಮಯ ಹಂಚಿಕೆಯ 5ಜಿಯಲ್ಲಿ ಸಮಯದ ಹೆಚ್ಚು ಪಾಲನ್ನು ಸಾಮಾನ್ಯವಾಗಿ ಇಳಿಮುಖ ರವಾನೆಗೆ ಕೊಡಲಾಗುತ್ತದೆ. ನಿಮ್ಮ ಅಗತ್ಯ ಕ್ಯಾಮರಾ ಚಿತ್ರಗಳನ್ನು ಮೇಲಕ್ಕೆ ಕಳುಹಿಸುವುದಾದರೆ ಏರುಮುಖ ವೇಗ ಎಷ್ಟೆಂದು ಪ್ರತ್ಯೇಕವಾಗಿ ಕೇಳಿ. ಜಾಗ ಬಿಟ್ಟು ಕದಲದ ಗಣಕ, ಕ್ಯಾಮರಾ, ಯಂತ್ರಗಳಿಗೆ ತಂತಿಯ ಸಂಪರ್ಕ ಸಾಧ್ಯವಿದ್ದರೆ ಅದೇ ಮೇಲು.

4. ಕೇಂದ್ರ ದೂರಸಂಪರ್ಕ ಇಲಾಖೆಯು 2022ರ ಜೂನ್‌ನಲ್ಲಿ ಉದ್ದಿಮೆಗಳ ಸ್ವಂತ ಖಾಸಗಿ ಜಾಲಗಳಿಗೆ ಮಾರ್ಗಸೂಚಿ ಪ್ರಕಟಿಸಿದ ಮೇಲೆ ಮಾರಾಟಗಾರರ ಪ್ರಸ್ತಾವಗಳು ಬರತೊಡಗಿದವು. ಅಂತಹ ಪ್ರಸ್ತಾವ ಬಂದರೆ ಆಂಟೆನಾಗಳ ಸಂಖ್ಯೆಗೆ ಮಾರುಹೋಗಬೇಡಿ. ಒಮ್ಮೆಲೇ ಎಷ್ಟು ಸಾಧನಗಳು, ಎಷ್ಟು ವೇಗದಲ್ಲಿ ಚಲಿಸುವ ಸಾಧನಗಳು, ನಿವ್ವಳ ವೇಗ ಎಷ್ಟು ಎಂಬ ಮೂರು ಪ್ರಶ್ನೆಗಳಿಗೆ ಲಿಖಿತ ಉತ್ತರ ಪಡೆಯಿರಿ.

5. ಸಂಪರ್ಕವಿರುವ ಸಾಧನಗಳನ್ನು ತಯಾರಿಸುವವರಿಗೆ ಇನ್ನೊಂದು ಎಚ್ಚರಿಕೆ. ಮೇಲೆ ವಿವರಿಸಿದಂತಹ ಮಿತವ್ಯಯದ ಉಪಾಯಗಳ ಮೇಲೆ ಪೇಟೆಂಟ್‌ಗಳಿವೆ. ಮಾನಕವನ್ನು ಪಾಲಿಸುವ ಸಾಧನ ಮಾಡಿದರೆ ಅವನ್ನು ಬಳಸಿದಂತೆಯೇ. ಹಳೆಯ ತಲೆಮಾರುಗಳ ತಂತ್ರಜ್ಞಾನಕ್ಕೆ ಸಂಬಂಧಿಸಿದ ಎರಿಕ್ಸನ್-ಲಾವಾ ಮೊಕದ್ದಮೆಯಲ್ಲಿ ದೆಹಲಿ ಉಚ್ಚ ನ್ಯಾಯಾಲಯವು 2024ರ ಮಾರ್ಚ್‌ನಲ್ಲಿ ಲಾವಾ ಸಂಸ್ಥೆ 244 ಕೋಟಿ ರೂಪಾಯಿ ಕೊಡಬೇಕೆಂದು ತೀರ್ಪು ನೀಡಿತು. ಸಂಪರ್ಕದ ಮಾಡ್ಯೂಲ್ ಕೊಳ್ಳುವಾಗ ಪರವಾನಗಿ ಶುಲ್ಕದ ಹೊಣೆ ಯಾರದೆಂದು ಖರೀದಿ ಆದೇಶದಲ್ಲಿಯೇ ಬರೆಸಿಕೊಳ್ಳಿ.

ಉಪಸಂಹಾರ

ಬೆಂಗಳೂರಿನ ತೇಜಸ್ ನೆಟ್‌ವರ್ಕ್ಸ್‌ನಂತಹ ಸಂಸ್ಥೆಗಳು ಬಿ.ಎಸ್.ಎನ್.ಎಲ್.ನ 4ಜಿ ಜಾಲಕ್ಕೆ ದೇಶೀಯ ರೇಡಿಯೋ ಉಪಕರಣಗಳನ್ನು ಒದಗಿಸಿರುವ ಈ ಕಾಲದಲ್ಲಿ, ಅಲೆಗಳ ಈ ಲೆಕ್ಕ ನಮಗೆ ಹೊರಗಿನದಲ್ಲ. ಅವಕ್ಕೆ ಬಿಡಿಭಾಗ ಒದಗಿಸಬಲ್ಲ ಸಣ್ಣ ಕಾರ್ಖಾನೆಗಳು ನಮ್ಮ ಸದಸ್ಯತ್ವದಲ್ಲಿಯೇ ಇವೆ.

ಹಾಸಿಗೆ ಇದ್ದಷ್ಟು ಕಾಲು ಚಾಚೆಂಬುದು ಹಿರಿಯರ ಮಾತು. ಹಾಸಿಗೆ ಎಷ್ಟಿದೆಯೆಂದು ತಿಳಿಯಲು ಮೊದಲು ಅಳೆಯಬೇಕು, ಅಳೆಯುವುದಕ್ಕೂ ಖರ್ಚಿದೆ. ಆ ಖರ್ಚನ್ನು ಗ್ರಾಹಕರಿಗೆ ತಕ್ಕಂತೆ ಏರಿಳಿಯುವಂತೆ ಮಾಡುವುದು, ಒಮ್ಮೆ ಒಪ್ಪಿದ್ದನ್ನು ಸಂಖ್ಯೆಯಿಂದ ಹೇಳುವುದು, ನಿಧಾನವಾಗಿ ಬದಲಾಗುವುದನ್ನು ಅಪರೂಪಕ್ಕೆ ಹೇಳುವುದು, ಅಗ್ಗವಾಗಿ ಅಳೆಯಬಲ್ಲವರಿಂದ ಅಳೆಸುವುದು, ಇವು ನಾಲ್ಕು ಗೋಪುರಕ್ಕೂ ಸಲ್ಲುತ್ತವೆ, ಗಲ್ಲೆಗೂ ಸಲ್ಲುತ್ತವೆ. ಮುಂದಿನ ಸಲ ನಿಮ್ಮ ಲೆಕ್ಕಪರಿಶೋಧಕರು ಯಾವುದಾದರೂ ಖರ್ಚಿನ ಮುಂದೆ ಕೆಂಪು ಗುರುತು ಹಾಕಿದರೆ, ಅದು ಯಾವುದನ್ನು ಅಳೆಯುತ್ತಿದೆ ಎಂದು ಅವರನ್ನು ಕೇಳಿ. ಅವರಿಗೆ ಉತ್ತರ ತಿಳಿಯುವ ತನಕ ಆ ಖರ್ಚನ್ನು ಮುಟ್ಟಬೇಡಿ.